ಕೀಮೋಥೆರಪಿಯ ಅಡ್ಡಪರಿಣಾಮಗಳ ನಿರ್ವಹಣೆ

ಕೀಮೋಥೆರಪಿ ಅಥವಾ ರಾಸಾಯನಿಕ ಚಿಕಿತ್ಸೆಯು ಔಷಧಗಳ ಮೂಲಕ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ವಿಧಾನವಾಗಿದೆ. ಇದರಿಂದ ಉಂಟಾಗುವ ವಾಕರಿಕೆ, ಆಯಾಸ, ಬಾಯಿಹುಣ್ಣು, ಕೂದಲು ಉದುರುವಿಕೆ ಮೊದಲಾದ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ತಾತ್ಕಾಲಿಕ. ಹಲವನ್ನು ವೈದ್ಯರ ಸಲಹೆಯಂತೆ ಮನೆಯಲ್ಲಿಯೇ ನಿಭಾಯಿಸಬಹುದು. ಆದರೆ ಜ್ವರವು ತುರ್ತು ಚಿಕಿತ್ಸೆಯನ್ನು ಬೇಡುವ ಲಕ್ಷಣವಾಗಿದೆ.

ಕಾರಣಗಳು

ಬಹುಪಾಲು ಔಷಧಗಳು ವೇಗವಾಗಿ ವಿಭಜನೆಗೊಳ್ಳುವ ಕೋಶಗಳ ಮೇಲೆ ವರ್ತಿಸುತ್ತವೆ. ಅಸ್ಥಿಮಜ್ಜೆ, ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರಗಳಲ್ಲಿರುವ ಆರೋಗ್ಯವಂತ ಕೋಶಗಳೂ ಇದೇ ಸ್ವಭಾವದವಾದ್ದರಿಂದ ಅವುಗಳಿಗೂ ಹಾನಿಯಾಗುತ್ತದೆ. ಅವು ಚೇತರಿಸಿಕೊಳ್ಳಲೆಂದು ಚಿಕಿತ್ಸೆಯನ್ನು ಹಲವು ಸುತ್ತುಗಳಲ್ಲಿ, ನಡುವೆ ಬಿಡುವು ಕೊಟ್ಟು ನೀಡಲಾಗುತ್ತದೆ.

ಜ್ವರ ಮತ್ತು ಸೋಂಕು

ಅಸ್ಥಿಮಜ್ಜೆಯ ಕೆಲಸ ಕುಂಠಿತವಾದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅನೇಕ ಔಷಧಗಳಲ್ಲಿ ಈ ಇಳಿಕೆಯು ಚಿಕಿತ್ಸೆಯ ನಂತರದ 7ರಿಂದ 14 ದಿನಗಳ ನಡುವೆ ತೀವ್ರವಾಗಿರುತ್ತದೆ. ಈ ಸ್ಥಿತಿಯಲ್ಲಿ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲದು. ಜ್ವರವೊಂದೇ ಅದರ ಸೂಚನೆಯಾಗಿರಬಹುದು. ದೇಹದ ಉಷ್ಣಾಂಶವು 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಮುಟ್ಟಿದರೆ ಅಥವಾ ಚಳಿನಡುಕ ಬಂದರೆ, ರಾತ್ರಿಯಾಗಿದ್ದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಸೇವಿಸಿದರೆ ಜ್ವರ ಮರೆಯಾಗಿ ಸೋಂಕು ಗಮನಕ್ಕೆ ಬಾರದೆ ಹೋಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇರಿಸಿಕೊಳ್ಳುವುದು, ಪದೇ ಪದೇ ಕೈ ತೊಳೆಯುವುದು ಮತ್ತು ಕೆಮ್ಮು, ನೆಗಡಿ ಇರುವವರಿಂದ ದೂರವಿರುವುದು ಅವಶ್ಯಕ.

ವಾಕರಿಕೆ ಮತ್ತು ಆಹಾರ

ಅಮೆರಿಕದಲ್ಲಿ 1991ರಲ್ಲಿ ಅನುಮೋದನೆ ಪಡೆದ ಒಂಡಾನ್‌ಸೆಟ್ರಾನ್ ಮೊದಲಾದ ಔಷಧಗಳು ವಾಂತಿಯ ತೊಂದರೆಯನ್ನು ಬಹಳಷ್ಟು ತಗ್ಗಿಸಿವೆ. ವಾಂತಿ ಆರಂಭವಾದ ಮೇಲೆ ನಿಲ್ಲಿಸುವುದಕ್ಕಿಂತ, ಸೂಚಿಸಿದ ವೇಳೆಗೆ ಮಾತ್ರೆ ಸೇವಿಸಿ ಮೊದಲೇ ತಡೆಯುವುದು ಸುಲಭ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವ ಬದಲು ಗಂಜಿ, ಇಡ್ಲಿ, ಮೆತ್ತನೆಯ ಅನ್ನದಂತಹ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸಬಹುದು. ಒಗ್ಗರಣೆಯ ಘಾಟು ಹಿಡಿಸದವರಿಗೆ ಆರಿದ ಆಹಾರ ಹಿತವೆನಿಸುತ್ತದೆ.

ಬಾಯಿಹುಣ್ಣು

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಮತ್ತು ಚಿಟಿಕೆ ಉಪ್ಪು ಬೆರೆಸಿ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಬಹುದು. ಮೃದುವಾದ ಬ್ರಷ್ ಬಳಸಬೇಕು. ಖಾರ, ಹುಳಿ, ತಂಬಾಕು ಮತ್ತು ಎಲೆ ಅಡಿಕೆಗಳನ್ನು ವರ್ಜಿಸಬೇಕು.

ಆಯಾಸ ಮತ್ತು ಕೂದಲು ಉದುರುವಿಕೆ

ಆಯಾಸಕ್ಕೆ ಪೂರ್ಣ ವಿಶ್ರಾಂತಿಯೇ ಮದ್ದಲ್ಲ; ಶಕ್ತಿಗೆ ತಕ್ಕಷ್ಟು ನಡಿಗೆಯಿಂದ ಅದು ತಗ್ಗುತ್ತದೆ. ಎಲ್ಲ ಔಷಧಗಳಿಂದಲೂ ಕೂದಲು ಉದುರುವುದಿಲ್ಲ. ಉದುರಿದರೂ ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ.

ಔಷಧಕ್ಕೆ ತಕ್ಕ ಪರಿಣಾಮಗಳು

ಡಾಕ್ಸೊರುಬಿಸಿನ್ ಪಡೆದ ಬಳಿಕ ಒಂದೆರಡು ದಿನ ಮೂತ್ರವು ಕೆಂಪಾಗಿರಬಹುದು. ಅದು ಔಷಧದ ಬಣ್ಣವೇ ಹೊರತು ರಕ್ತವಲ್ಲ. ಆಕ್ಸಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ತಾಕಿದರೆ ಬೆರಳು, ಗಂಟಲುಗಳಲ್ಲಿ ಜುಮ್ಮೆನ್ನುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್‌ಗಳಿಂದ ಕೈಕಾಲು ಮರಗಟ್ಟುವುದುಂಟು. ಇದು ದೀರ್ಘಕಾಲ ಉಳಿಯಬಹುದಾದ್ದರಿಂದ ಆರಂಭದಲ್ಲಿಯೇ ತಿಳಿಸಬೇಕು.

ವೈದ್ಯರೊಡನೆ ಸಮಾಲೋಚನೆ

ಚಿಕಿತ್ಸೆ ನಿಂತುಬಿಡುವುದೆಂಬ ಭಯದಿಂದ ಕೆಲವರು ತೊಂದರೆಗಳನ್ನು ಹೇಳಿಕೊಳ್ಳುವುದಿಲ್ಲ. ವಾಸ್ತವವಾಗಿ ವೈದ್ಯರು ಔಷಧದ ಪ್ರಮಾಣವನ್ನು ಹೊಂದಿಸಬಹುದು, ಅಂತರವನ್ನು ಹೆಚ್ಚಿಸಬಹುದು ಅಥವಾ ಪೂರಕ ಔಷಧ ನೀಡಬಹುದು. ಕೆಲವು ಗಿಡಮೂಲಿಕೆಗಳು ಚಿಕಿತ್ಸೆಯ ಔಷಧದೊಡನೆ ಪ್ರತಿಕ್ರಿಯಿಸುವುದರಿಂದ ಕಷಾಯ, ನಾಟಿ ಔಷಧಗಳ ಸೇವನೆಯನ್ನೂ ಅವರ ಗಮನಕ್ಕೆ ತರಬೇಕು.