ಮುಟ್ಟಿನ ನೋವು ಸಹಿಸಲೇಬೇಕಾ?

"ಮುಟ್ಟು ಅಂದ್ಮೇಲೆ ಹೊಟ್ಟೆನೋವು ಇದ್ದದ್ದೇ" ಅಂತ ಮನೇಲಿ ಹೇಳ್ತಾರೆ. ಆದರೆ ಕಾಲೇಜು, ಕೆಲಸ ಬಿಡಿಸಿ ಮಲಗಿಸೋ ನೋವು ಮಾಮೂಲಿ ಅಲ್ಲ. ಎಂಡೊಮೆಟ್ರಿಯೋಸಿಸ್ ಇರಬಹುದು. ಈ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುತ್ತೆ. ಈಸ್ಟ್ರೊಜೆನ್ ಹಾರ್ಮೋನೇ ಅದಕ್ಕೆ ಗೊಬ್ಬರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹೆರುವ ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಸುಮಾರು 10 ಮಂದಿಗೆ ಇದೆ.

ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ, ದಿನಾ ನಡಿಗೆ, ಸರಿಯಾದ ನಿದ್ದೆ, ತಟ್ಟೆ ತುಂಬ ಸೊಪ್ಪು, ಕಾಳು, ಮೀನು ತಿನ್ನೋರಾದ್ರೆ ಬಂಗುಡೆ, ಬೂತಾಯಿ. ಇವುಗಳಿಂದ ಕೆಲವರಿಗೆ ನೋವು ಹಗುರಾಗುತ್ತೆ, ಕಾಯಿಲೆ ಹೋಗಲ್ಲ. ಕಷಾಯ ಕುಡಿದು ಬೇರುಸಹಿತ ಕೀಳಬಹುದು ಅನ್ನೋರನ್ನ ದಯವಿಟ್ಟು ನಂಬಬೇಡಿ.

ನೋವು ಬಂದ ದಿನ, ಜಾಗ ಬರೆದಿಟ್ಕೊಂಡು ಸ್ತ್ರೀರೋಗ ತಜ್ಞರನ್ನ ಕಾಣಿ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ರೂ ಈ ಕಾಯಿಲೆ ಇರಬಹುದು. ಅದನ್ನೂ ಕೇಳಿ.