ಫೌಂಡೇಶನ್ ರಬ್ಬರಿನ ವಿಚಾರ

ಕೊಡಗಿನ ಕಾಫಿತೋಟದ ಏರುದಾರಿಯಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್ಪೊಂದು ಕ್ಲಚ್ ಬಿಟ್ಟೊಡನೆ ‘ಧಡ್’ ಎಂದು ಸದ್ದುಮಾಡಿ, ನಿಂತಾಗ ಗೇರಿನ ಹಿಡಿಯನ್ನೂ ಕನ್ನಡಿಯನ್ನೂ ಚಳಿಜ್ವರ ಹಿಡಿದಂತೆ ನಡುಗಿಸತೊಡಗಿದರೆ, ನೋಡಿದವರೆಲ್ಲ ಇಂಜಿನ್ನನ್ನೇ ದೂರುವರಲ್ಲದೆ, ಅದರಡಿಯಲ್ಲಿ ಮೌನವಾಗಿ ಸವೆದುಹೋದ, ಗ್ಯಾರೇಜಿನವರು ಫೌಂಡೇಶನ್ ಎಂದೋ ಮೌಂಟಿಂಗ್ ಎಂದೋ ಕರೆಯುವ ರಬ್ಬರ್ ಗಟ್ಟಿಯನ್ನು ನೆನೆಯುವವರು ವಿರಳ. ನೆನೆದವರಲ್ಲಿಯೂ, ಅದು ಭಾರ ಹೊರುವ ಮಣೆಯಷ್ಟೆ, ಗಟ್ಟಿಯಾದಷ್ಟೂ ಲೇಸು ಎಂಬ ನಂಬಿಕೆಯೇ ಪ್ರಬಲ.

ಭಾರ ಹೊರುವುದು ಅದರ ಕರ್ತವ್ಯದ ಸುಲಭಭಾಗ. ನಿಮಿಷಕ್ಕೆ 750 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸೆಕೆಂಡಿಗೆ 25 ಸಲ ದಹನವಾಗುತ್ತದೆ. ಆ ಆಘಾತಗಳು ಚಾಸಿಯನ್ನು ಮುಟ್ಟದಿರಬೇಕಾದರೆ ಇಂಜಿನ್ನು ಮಿತಿಯೊಳಗೆ ಅಲುಗಾಡಲೇಬೇಕು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂದು ಕೀರ್ತಿಸಿಕೊಂಡದ್ದು ಈ ಅಲುಗಾಟದ ಸ್ವಾತಂತ್ರ್ಯವನ್ನೇ. ಹೀಗಿರಲಾಗಿ, ಹರಿದ ರಬ್ಬರಿನ ಸಂದಿಗೆ ಹಳೆಯ ಟೈರಿನ ತುಂಡು ತುರುಕಿ ಬಿಗಿಯುವುದು (ನಾನೂ ಒಮ್ಮೆ ಒಪ್ಪಿ ಮಾಡಿಸಿದ್ದೆ, ಮನೆ ಸೇರುವಷ್ಟರಲ್ಲಿ ಹಲ್ಲುಗಳು ತಾಳ ಹಾಕುತ್ತಿದ್ದವು) ಚಿಕಿತ್ಸೆಯಲ್ಲ, ರೋಗದ ರೂಪಾಂತರ. ಪಂದ್ಯದ ಗಾಡಿಗಳಿಗೆಂದು ಬರುವ ಕಠಿಣ ಪಾಲಿಯುರೆಥೇನಿನ ಮೌಂಟಿಂಗೂ ನಿತ್ಯದ ಬಳಕೆಯಲ್ಲಿ ಇದೇ ಫಲವನ್ನು ಕೊಡುತ್ತದೆ.

ನಾಲ್ಕು ಚಕ್ರಗಳು ಎಳೆಯುವುದರಿಂದ ಶ್ರಮ ಹಂಚಿಹೋಗಿ ಮೌಂಟಿಂಗು ಸುಖಿಯಾಗಿರುತ್ತದೆಂಬ ಇನ್ನೊಂದು ಮಾತಿದೆ. ಹಂಚಿಕೆಯಾಗುವುದು, ಶಕ್ತಿಯನ್ನು ಹಿಂದುಮುಂದಿನ ಚಕ್ರಗಳಿಗೆ ಕಳಿಸುವ ಟ್ರಾನ್ಸ್‌ಫರ್ ಕೇಸಿನಿಂದಾಚೆಗೆ. ಇಂಜಿನ್ನು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು ಒಂದೇ ಪಿಂಡವಾಗಿ ಬೆಸೆದಿರುವುದರಿಂದ, ಹೊರಹೋಗುವ ತಿರುಚುಬಲದಷ್ಟೇ ಪ್ರತಿಬಲವು ಆ ಪಿಂಡವನ್ನು ಎದುರುದಿಕ್ಕಿಗೆ ಮಗುಚಲೆಣಿಸುತ್ತದೆ. ಮೊದಲನೆಯ ಗೇರಿನ ಅನುಪಾತ 4, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿನದು 2.5 ಎಂದಾದರೆ, ಇಂಜಿನ್ನಿನ ತಿರುಚುಬಲದ ಸುಮಾರು ಹತ್ತು ಪಟ್ಟನ್ನು ಈ ರಬ್ಬರುಗಳೇ ತಡೆಯಬೇಕು. ಕೆಸರಿನಲ್ಲಿ ಹೂತ ಗಾಡಿಯನ್ನು ಎಗರಿಸಿ ಎಗರಿಸಿ ತೆಗೆಯುವ ಶೂರರು ಇದನ್ನು ಮರೆಯುತ್ತಾರೆ.

ಹೊರಗೆ ಬಿರುಕಿಲ್ಲದಿದ್ದರೆ ಮೌಂಟಿಂಗು ಆರೋಗ್ಯವಾಗಿದೆಯೆಂಬುದೂ ನಂಬತಕ್ಕದ್ದಲ್ಲ. ತಾನು ಅಂಟಿಕೊಂಡಿದ್ದ ಉಕ್ಕಿನ ಫಲಕದಿಂದ ಬಿಟ್ಟುಕೊಂಡ ರಬ್ಬರು ಇಂಜಿನ್ನಿನ ಭಾರಕ್ಕೆ ಅದುಮಿಕೊಂಡು ಅಖಂಡವಾಗಿಯೇ ತೋರುತ್ತದೆ; ಇಂಜಿನ್ನನ್ನು ತುಸು ಎತ್ತಿದಾಗಲೇ ಬಾಯಿ ತೆರೆಯುತ್ತದೆ. ದ್ರವ ತುಂಬಿದ ಬಗೆಯಲ್ಲಾದರೆ ಸೋರಿದ ಕಲೆಯೇ ಸಾಕ್ಷಿ. ರಬ್ಬರಿಗೆ ಗ್ರೀಸು ಸವರುವ ಉಪಚಾರವಂತೂ ವಿಷಪ್ರಾಯ: ಖನಿಜತೈಲವು ಸಹಜ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಮೇಲಿನಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು.

ಹರಿದದ್ದನ್ನು ಮಾತ್ರ ಬದಲಿಸಿದರೆ ಸಾಕೆನ್ನುವ ಮಿತವ್ಯಯವು ನನಗೆ ಒಪ್ಪಿಗೆಯಿಲ್ಲ. ಜೊತೆಯದೂ ಅಷ್ಟೇ ಕಾಲ ದುಡಿದು ಕುಸಿದಿರುವುದರಿಂದ ಎರಡನ್ನೂ ಬದಲಿಸಿ, ಗೇರ್ ಬಾಕ್ಸಿನದನ್ನೂ ಪರೀಕ್ಷಿಸುವುದು ಯುಕ್ತ. ಬದಲಿಸಲೆಂದು ಇಂಜಿನ್ನನ್ನೆತ್ತಲು ಆಯಿಲ್ ಸಂಪಿಗೆ ನೇರವಾಗಿ ಜಾಕ್ ಕೊಡುವವರುಂಟು. ತಗಡು ಒಳಸರಿದು ಎಣ್ಣೆ ಹೀರುವ ಬಾಯಿಯನ್ನೇ ಮುಚ್ಚಬಹುದಾದ್ದರಿಂದ, ಸರಪಳಿಯಿಂದ ಮೇಲೆತ್ತುವುದೇ ಕ್ಷೇಮ. ಎತ್ತುವಾಗ ಫ್ಯಾನು, ಹೋಸು, ವೈರುಗಳ ಮೇಲೆ ಕಣ್ಣಿರಲಿ. ಬೋಲ್ಟುಗಳನ್ನೆಲ್ಲ ಕೈಬೆರಳಿನಿಂದಷ್ಟೇ ಬಿಗಿಮಾಡಿ, ಇಂಜಿನ್ನಿನ ಪೂರ್ಣಭಾರ ಇಳಿದ ಮೇಲೆ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ಪಾನದಿಂದ ಬಿಗಿಯಬೇಕು. ಮುಂಚೆಯೇ ಬಿಗಿದರೆ ಹೊಸ ರಬ್ಬರು ತಿರುಚಿದ ಭಂಗಿಯಲ್ಲಿಯೇ ಬದುಕನ್ನಾರಂಭಿಸುತ್ತದೆ. ಇಷ್ಟಾದರೂ ನಡುಕ ನಿಲ್ಲದಿದ್ದರೆ, ನಿಂತಾಗಿನ ನಡುಕಕ್ಕೆ ಇಂಜೆಕ್ಟರನ್ನೂ, ಓಡುವಾಗಿನದಕ್ಕೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನೂ ನೋಡಿಸಬೇಕು.