ಕೈಯಾಗ ವಾಚ್ ಐತ್ರಿ, ಹುಡುಕಾಕೇನು?

ಮನೆಯ ಹಿರಿಯರೊಬ್ಬರು ನಸುಕಿನಲ್ಲಿ ಎದ್ದು ಹೊರಗೆ ಹೋದವರು ಮರಳಿಲ್ಲ. ಇಂಡಿಯಿರಲಿ, ಮುದ್ದೇಬಿಹಾಳವಿರಲಿ, ಠಾಣೆಯ ಮುಂದೆ ನೆರೆದವರಲ್ಲಿ ಈಗ ಒಬ್ಬರಾದರೂ ಹೀಗೆ ಹೇಳುತ್ತಾರೆ: “ಮುತ್ಯಾನ ಕೈಯಾಗ ಸ್ಮಾರ್ಟ್ ವಾಚ್ ಐತ್ರಿ ಸಾಹೇಬ್ರ, ಸ್ಯಾಟಲೈಟ್ ಹಚ್ಚಿ ನೋಡ್ರಿ, ಎಲ್ಲಿ ಅದಾರ ಗೊತ್ತಾಗತೈತಿ.” ಆಗುವುದಿಲ್ಲವೆಂದರೆ, ಪೊಲೀಸರು ಮನಸ್ಸು ಮಾಡುತ್ತಿಲ್ಲವೆಂಬ ಗುಮಾನಿ. ಬಸ್‌ಸ್ಟ್ಯಾಂಡು, ಬಾವಿ, ಕಾಲುವೆ, ನೆಂಟರ ಊರು ನೋಡಬೇಕಾದ ಮೊದಲ ತಾಸುಗಳು ಈ ವಾದದಲ್ಲೇ ಕಳೆದುಹೋಗುತ್ತವೆ. ಈ ನಂಬಿಕೆಯ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಸ್ಯಾಟಲೈಟ್ ಹಚ್ಚಿ ಮನುಷ್ಯನನ್ನು ನೋಡುವ ವ್ಯವಸ್ಥೆ ಯಾವ ಠಾಣೆಯಲ್ಲೂ ಇಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯದ ಸಂಕೇತ ಬಿತ್ತರಿಸುತ್ತವೆ, ಅಷ್ಟೇ. ಕೆಳಗೆ ಅದನ್ನು ಯಾರು ಹಿಡಿದರು ಎಂಬುದು ಅವಕ್ಕೆ ತಿಳಿಯದು. ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಕೈಯಲ್ಲಿರುವ ಸಾಧನ. ಆ ಲೆಕ್ಕ ಇನ್ನೊಬ್ಬರಿಗೆ ಮುಟ್ಟಬೇಕಾದರೆ ಸಿಮ್ಮು, ನೆಟ್‌ವರ್ಕು ಬೇಕು. ವಾಚೆಂದೇ ಕರೆಯುವ ಅಗ್ಗದ ಫಿಟ್‌ನೆಸ್ ಬ್ಯಾಂಡುಗಳಲ್ಲಿ ಬಹುತೇಕವಕ್ಕೆ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಅಲುಗಾಟ ಅಳೆಯುವ ಆಕ್ಸಿಲರೋಮೀಟರ್, ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ನಾಡಿ ಎಣಿಸುವ ಸೆನ್ಸರ್, ಫೋನಿಗೆ ಮಾಹಿತಿ ದಾಟಿಸುವ ಬ್ಲೂಟೂತ್, ಇಷ್ಟೇ ಇರುತ್ತವೆ. ವಾಕಿಂಗ್ ಹೋದ ದಾರಿಯನ್ನು ಆ್ಯಪ್ ನಕ್ಷೆಯಲ್ಲಿ ತೋರಿಸುತ್ತದಲ್ಲ ಎಂದರೆ, ಆ ದಾರಿಯನ್ನು ಬರೆದದ್ದು ಜೇಬಿನಲ್ಲಿದ್ದ ಫೋನು. ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಚ್ಚಿ ಹೋದವರ ಬ್ಯಾಂಡು ಓಣಿ ದಾಟುವುದರೊಳಗೆ ಮೂಕವಾಗುತ್ತದೆ. ಸ್ವಂತ ಸಿಮ್ ಇರುವ ದುಬಾರಿ ವಾಚಿನ ಮಾತು ಬೇರೆ. ಅದೂ ಚಾರ್ಜ್ ಇರುವ ತನಕ, ಲೊಕೇಶನ್ ಹಂಚಿಕೆಯನ್ನು ಮೊದಲೇ ಆನ್ ಮಾಡಿಟ್ಟಿದ್ದರೆ ಮಾತ್ರ.

ಹಾಗಾದರೆ ಬ್ಯಾಂಡಿನ ಮಾಹಿತಿ ಕಸವೇ? ಖಂಡಿತ ಕಸವಲ್ಲ. ಅದು ಹೊತ್ತನ್ನು ಹೇಳುತ್ತದೆ. ಮುತ್ಯಾ ಆರು ಗಂಟೆಗೆ ಹೋದರೆಂದು ಮನೆಯವರ ಅಂದಾಜು. ಮನೆಯಲ್ಲೇ ಉಳಿದ ಫೋನಿನ ಆ್ಯಪ್‌ನಲ್ಲಿ ನಾಡಿಯ ಗೆರೆ ನಾಲ್ಕಕ್ಕೇ ನಿಂತಿದೆ, ಎದ್ದು ಓಡಾಡಿದ ಹೆಜ್ಜೆಗಳೂ ಆ ಹೊತ್ತಿನವು ಎಂದುಕೊಳ್ಳಿ. ನಾಲ್ಕರ ತನಕ ಅವರು ಫೋನಿನ ಹತ್ತಿರವಿದ್ದುದು ಖಾತ್ರಿ. ಆ ಮೇಲೆ ಬಹಳ ಹೊತ್ತು ಇರದಿರುವ ಸಂಭವ ಹೆಚ್ಚು. ತಾಸಿಗೆ 4 ಕಿ.ಮೀ. ನಡೆದರೂ ಎಂಟು ಗಂಟೆಗೆ ಹುಡುಕಬೇಕಾದ ಎಲ್ಲೆ 8 ಕಿ.ಮೀ. ಬದಲು 16 ಕಿ.ಮೀ. ದೂರಕ್ಕೆ ಸರಿಯುತ್ತದೆ, ಅಂದರೆ ಸುಮಾರು 200 ಚದರ ಕಿ.ಮೀ. ಇದ್ದದ್ದು 800 ಆಗುತ್ತದೆ. ನಸುಕಿನ ಯಾವ ಬಸ್ಸು ಹತ್ತಿರಬಹುದು, ಇಂಡಿ ರೋಡ್ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ರೈಲು ಸಿಕ್ಕಿರಬಹುದೇ, ಯಾವ ಹೊತ್ತಿನ ಸಿಸಿಟಿವಿ ತೆಗೆಸಬೇಕು, ಎಲ್ಲವೂ ಈ ಹೊತ್ತಿನ ಮೇಲೆ ನಿಂತಿವೆ. ಆದರೆ ಗಾಬರಿಯಲ್ಲಿ ಮನೆಯವರೇ ಫೋನಿನ ಲಾಕ್ ತೆಗೆಯಲು ಹೋಗಿ ಹತ್ತಾರು ಸಲ ತಪ್ಪು ಪಿನ್ ಒತ್ತುತ್ತಾರೆ, ಅಂಗಡಿಗೆ ಒಯ್ದು ರೀಸೆಟ್ ಮಾಡಿಸುತ್ತಾರೆ. ಆ ಫೋನನ್ನು ಇದ್ದಂತೆಯೇ ಠಾಣೆಗೆ ಒಯ್ಯಿರಿ. ಕಂಪನಿಯ ಸರ್ವರಿನಲ್ಲಿರುವುದನ್ನು ತರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಪೊಲೀಸರೇ ಬರೆಯಬೇಕು. ವಿದೇಶದ ಕಂಪನಿಯಾದರೆ ಉತ್ತರ ಗಂಟೆಗಳಲ್ಲಿ ಬರುವುದೆಂದು ನೆಚ್ಚಿ ಕೂರಬಾರದು.

ಅಮೆರಿಕದಲ್ಲಾದರೆ ವಾಚಿನಿಂದಲೇ ಹುಡುಕುತ್ತಾರೆ ಎನ್ನುವವರಿಗೆ ಅಯೋವಾ ರಾಜ್ಯದ ಬ್ರೂಕ್ಲಿನ್ ಎಂಬ ಊರಿನ ಪ್ರಕರಣ ಗೊತ್ತಿರಬೇಕು. 2018ರ ಜುಲೈ 18ರ ಸಂಜೆ ಓಡಲು ಹೋದ 20 ವರ್ಷದ ವಿದ್ಯಾರ್ಥಿನಿ ಕಾಣೆಯಾದಳು. ಅವಳ ಬಳಿ ಫಿಟ್‌ಬಿಟ್ ಬ್ಯಾಂಡು ಇತ್ತು, ತನಿಖೆಗೆ ಎಫ್‌ಬಿಐ ಕೂಡ ಬಂದಿತ್ತು, ಫಿಟ್‌ಬಿಟ್ ಮಾಹಿತಿಯನ್ನೂ ಕೆದಕಿದರು. ಆದರೆ ಸುಳಿವು ಕೊಟ್ಟದ್ದು ಒಂದು ಮನೆಯ ಸಿಸಿಟಿವಿಯಲ್ಲಿ ಸುಳಿದಾಡಿದ ಕಪ್ಪು ಕಾರು. ಆಗಸ್ಟ್ 21ರಂದು ಮೆಕ್ಕೆಜೋಳದ ಹೊಲದಲ್ಲಿ ಶವ ಸಿಕ್ಕಿತು. ನಮ್ಮಲ್ಲೂ 2019ರ ಜುಲೈ 29ರಂದು ನೇತ್ರಾವತಿ ಸೇತುವೆಯ ಮೇಲಿಂದ ಕಾಫಿ ಡೇಯ ಸಿದ್ಧಾರ್ಥ ಕಾಣೆಯಾದಾಗ, ಎಲ್ಲಿ ಹುಡುಕಬೇಕೆಂದು ತಿಳಿದದ್ದು ಅವರ ಚಾಲಕನ ಮಾತಿನಿಂದ. 31ರ ಬೆಳಿಗ್ಗೆ ಶವವನ್ನು ಕಂಡವರು ಮೀನುಗಾರರು.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ದೂರು ಕೊಡಲು 24 ತಾಸು ಕಾಯಬೇಕೆಂಬ ಕಾನೂನು ಎಲ್ಲೂ ಇಲ್ಲ. ಮಕ್ಕಳು ಕಾಣೆಯಾದರೆ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಟವರ್ ಲೊಕೇಶನ್ ಎಂದರೆ ಮನೆಯ ಬಾಗಿಲಲ್ಲ, ಹಳ್ಳಿಗಾಡಿನಲ್ಲಿ ಒಂದು ಟವರಿನ ಹರವು ಹಲವು ಕಿಲೋಮೀಟರ್.

ಅಂಜನ ಹಾಕಿಸುವವರನ್ನು ಕಂಡು ನಗುವ ಓದಿದ ಮಂದಿಯೇ ವಾಚಿನ ಮೇಲೆ ಅದೇ ಭಕ್ತಿ ಇಟ್ಟಿದ್ದಾರೆ. ವೀಳ್ಯದೆಲೆಯ ಕಪ್ಪನ್ನು ನೋಡಿ “ನೀರಿನ ಬಾಜೂಕ ಅದಾರ” ಎಂದರೆ, ಭೀಮೆಗೂ ಕೃಷ್ಣೆಗೂ ನಡುವೆ ಕಾಲುವೆಗಳು ಹರಿಯುವ ಇಂಡಿ, ಮುದ್ದೇಬಿಹಾಳದ ಈ ಜಿಲ್ಲೆಯಲ್ಲಿ ಆ ಮಾತು ಯಾವಾಗ ಸುಳ್ಳಾದೀತು? ಹಾಗೆಯೇ ಪರದೆಯ ಮೇಲೆ ಬಂದದ್ದೆಲ್ಲ ನಿಜವೆಂದು ನಂಬಿದ್ದರ ಫಲವನ್ನು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನೋಡಿದ್ದೇವೆ. ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿ 2018ರ ಜುಲೈಯಲ್ಲಿ ಅಲ್ಲಿ ಜನ ಒಬ್ಬ ಎಂಜಿನಿಯರನನ್ನು ಬಡಿದು ಕೊಂದರು. ಅದಕ್ಕೇ, ಕಾಣೆಯಾದವರ ಫೋಟೊ ಹಂಚುವವರು ಠಾಣೆಯ ನಂಬರ್, ತಾರೀಖು ಹಾಕದಿದ್ದರೆ ಅದನ್ನು ಮುಂದೆ ಕಳಿಸಬೇಡಿ.

ಮರೆವಿನ ಹಿರಿಯರು ಮನೆಯಲ್ಲಿದ್ದರೆ ಬ್ಯಾಂಡು ತರುವ ಮೊದಲು ಅವರ ಅಂಗಿಯ ಒಳಮಗ್ಗುಲಿಗೆ ಊರು, ತಾಲೂಕು, ಮಗನ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿಯಿರಿ. ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಿರಿ. ಈ ಕಡೆಯಿಂದ ಬಸ್ಸು ರೈಲು ಹತ್ತಿದವರು ಇಳಿಯುವುದು ಸೊಲ್ಲಾಪುರದಲ್ಲೋ ಪಂಢರಪುರದಲ್ಲೋ ಆಗಿರಬಹುದು.